ವಿಶ್ರಾಂತಿಯೂ ಧರ್ಮವೇ?

ನಮ್ಮ ಊರಿನಿಂದ ಸಂತೆಗೆ ಹೋಗುವ ಹಳೆಯ ದಾರಿಯಲ್ಲಿ, ಕೆರೆಯ ಏರಿ ಮುಗಿಯುವೆಡೆಯಲ್ಲಿ, ಮೂರು ಕಲ್ಲುಗಳು ನಿಂತಿವೆ. ಎರಡನ್ನು ಕಂಬಗಳಂತೆ ನೆಟ್ಟು, ಮೂರನೆಯದನ್ನು ಅವುಗಳ ಮೇಲೆ ಅಡ್ಡಲಾಗಿ ಇರಿಸಿದ್ದಾರೆ. ಎತ್ತರವು ನಿಂತ ಮನುಷ್ಯನ ಹೆಗಲಿಗೆ ಸರಿಯಾಗಿ ಬರುತ್ತದೆ. ಅದರಲ್ಲಿ ಶಿಲ್ಪವಿಲ್ಲ, ಶಾಸನವಿಲ್ಲ. ನಿಲ್ಲಿಸಿದವರ ಹೆಸರೂ ಇಲ್ಲ. ಲಾರಿ, ಟೆಂಪೋಗಳು ಬಂದ ಮೇಲೆ ಅದರ ಉಪಯೋಗವೇನೆಂದು ಕೇಳುವವರೂ ಇಲ್ಲವಾದರು. ಬಾಲ್ಯದಲ್ಲಿ ನಾವು ಅದನ್ನು ಯಾವುದೋ ಬಿದ್ದುಹೋದ ಗುಡಿಯ ಬಾಗಿಲೆಂದೇ ತಿಳಿದಿದ್ದೆವು. ಒಂದು ದಿನ ನಮ್ಮ ತಂದೆಯವರು ಹೇಳಿದರು: “ಅದು ಹೊರೆ ಇಳಿಸುವ ಕಲ್ಲು ಕಣಪ್ಪಾ. ಮೂಟೆ ಹೊತ್ತು ಒಬ್ಬನೇ ಹೋಗುವವನು ಅದನ್ನು ನೆಲಕ್ಕೆ ಇಳಿಸಿದರೆ, ಮತ್ತೆ ತಲೆಗೆ ಎತ್ತಿಕೊಡುವವರು ಬೇಕು. ಇಲ್ಲಿಯಾದರೆ ತಾನೇ ಇಳಿಸಬಹುದು, ತಾನೇ ಹೊರಬಹುದು.”

ಈಗ ತಲೆಯ ಮೇಲೆ ಮೂಟೆ ಹೊರುವವರು ವಿರಳ. ಆದರೆ ತಲೆಯ ಒಳಗೆ ಹೊರುವವರು ಮನೆಮನೆಯಲ್ಲಿಯೂ ಇದ್ದಾರೆ. ಸಾಲದ ಕಂತು, ಮಕ್ಕಳ ಪರೀಕ್ಷೆ, ವೃದ್ಧರ ಔಷಧ, ಕಚೇರಿಯ ಕಡತ, ರಾತ್ರಿ ಹತ್ತು ಗಂಟೆಗೂ ನಾದಮಾಡುವ ಮೊಬೈಲು, ಇವೆಲ್ಲವೂ ಹೊರೆಗಳೇ. ಇದನ್ನು ಜನರು ಒತ್ತಡವೆನ್ನುತ್ತಾರೆ. ‘ಟೆನ್ಷನ್’ ಎಂಬ ಮಾತಂತೂ ಅಕ್ಷರ ಬಾರದವರ ಬಾಯಲ್ಲಿಯೂ ಕನ್ನಡದ ಮಾತೇ ಆಗಿಹೋಗಿದೆ. ಈ ದೈನಂದಿನ ಒತ್ತಡವನ್ನು ಕಳೆದುಕೊಳ್ಳಲು ಸುಲಭವಾದ ಉಪಾಯಗಳು ಯಾವುವು ಎಂಬುದು ಒಂದು ಪ್ರಶ್ನೆ. ಅದಕ್ಕಿಂತ ಮೊದಲು ವಿಚಾರಿಸಬೇಕಾದ ಇನ್ನೊಂದು ಪ್ರಶ್ನೆಯಿದೆ: ಕರ್ತವ್ಯವು ಮುಗಿಯದೆ ಇರುವಾಗ ವಿಶ್ರಮಿಸುವುದು ಸರಿಯೇ? ಸರಿಯಾದರೆ, ಹೊರೆಯನ್ನು ಎಲ್ಲಿ ಇಳಿಸಬೇಕು? ಪಾಠಶಾಲೆಯಲ್ಲಿ ನಮಗೆ ಕಲಿಸಿದ ಕ್ರಮದಂತೆ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತಗಳನ್ನು ಒಂದೊಂದಾಗಿ ತೆಗೆದುಕೊಂಡು ಇದನ್ನು ವಿವೇಚಿಸೋಣ.

ಮೊದಲು ವಿಷಯದ ಸ್ವರೂಪ. ಒತ್ತಡವೆಂಬುದು ಕೇವಲ ಮನಸ್ಸಿನ ದೌರ್ಬಲ್ಯವೆಂದು ಹಲವರು ಭಾವಿಸುತ್ತಾರೆ. ಗೀತೆಯ ಮೊದಲನೆಯ ಅಧ್ಯಾಯವನ್ನು ಓದಿದವರು ಹಾಗೆ ಹೇಳಲಾರರು. ರಣರಂಗದ ನಡುವೆ ನಿಂತ ಅರ್ಜುನನು ತನ್ನ ಸ್ಥಿತಿಯನ್ನು ತಾನೇ ವರ್ಣಿಸುತ್ತಾನೆ. ಅಂಗಾಂಗಗಳು ಸೋತಿವೆ, ಬಾಯಿ ಒಣಗಿದೆ, ಶರೀರ ನಡುಗುತ್ತಿದೆ, ರೋಮಗಳು ನಿಮಿರಿವೆ, ಚರ್ಮ ಉರಿಯುತ್ತಿದೆ, ಗಾಂಡೀವ ಕೈಯಿಂದ ಜಾರುತ್ತಿದೆ, ಮನಸ್ಸು ಸುತ್ತುತ್ತಿದೆ ಎಂಬುದು ಅವನ ಮಾತಿನ ಸಾರ. ಇವುಗಳಲ್ಲಿ ಮನಸ್ಸಿನ ಲಕ್ಷಣವು ಒಂದು. ಉಳಿದುವೆಲ್ಲ ಶರೀರದ ಲಕ್ಷಣಗಳು. ಅವನು ಹೇಡಿಯೂ ಅಲ್ಲ, ದುರ್ಬಲನೂ ಅಲ್ಲ. ಆದರೂ ಅವನ ಬಾಯಿ ಒಣಗಿತು.

ಪಾಶ್ಚಾತ್ಯ ವೈದ್ಯಶಾಸ್ತ್ರವು ಇದೇ ಮಾತನ್ನು ಬೇರೆ ದಾರಿಯಿಂದ ಕಂಡುಕೊಂಡಿತು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾನನ್ ಎಂಬ ಶರೀರಶಾಸ್ತ್ರಜ್ಞರು 1915ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಭಯ ಮತ್ತು ಕೋಪ ಬಂದಾಗ ಪ್ರಾಣಿಯ ದೇಹವು ಹೋರಾಡಲು ಅಥವಾ ಓಡಲು ಹೇಗೆ ಸಿದ್ಧವಾಗುತ್ತದೆಂಬುದನ್ನು ವಿವರಿಸಿದರು. ಅಡ್ರಿನಲಿನ್ ಎಂಬ ಸ್ರಾವವು ರಕ್ತದಲ್ಲಿ ಸೇರುತ್ತದೆ; ಹೃದಯ ಬೇಗ ಬಡಿಯುತ್ತದೆ; ಸ್ನಾಯುಗಳು ಬಿಗಿಯುತ್ತವೆ; ಜೀರ್ಣಕ್ರಿಯೆ ಮಂದವಾಗುತ್ತದೆ; ಬಾಯಿಯಲ್ಲಿ ಜೊಲ್ಲು ಆರುತ್ತದೆ. 1936ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿದ್ದ ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿಯು, ಪೀಡೆಯ ಕಾರಣವು ಚಳಿಯಾಗಲಿ ಗಾಯವಾಗಲಿ, ಅದು ಬಹಳ ಕಾಲ ಮುಂದುವರಿದರೆ ದೇಹವು ಒಂದೇ ಬಗೆಯಾಗಿ ಸ್ಪಂದಿಸಿ ಕೊನೆಗೆ ಸವೆದುಹೋಗುತ್ತದೆಂದು ಇಲಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿದರು. ಹುಲಿಯನ್ನು ಕಂಡಾಗ ಈ ಸಿದ್ಧತೆಯು ಪ್ರಾಣವನ್ನು ಉಳಿಸುತ್ತದೆ. ಹುಲಿ ಹೋದ ಮೇಲೆ ದೇಹವು ಮತ್ತೆ ಸಡಿಲಾಗಬೇಕು. ಆದರೆ ಮೇಲಧಿಕಾರಿಯ ಮಾತು, ಬ್ಯಾಂಕಿನ ಪತ್ರ, ನೆರೆಯವರೊಡನೆ ಮನಸ್ತಾಪ, ಇವು ಬಂದು ಹೋಗುವ ಹುಲಿಗಳಲ್ಲ. ಮನೆಯಲ್ಲಿಯೇ ಕಟ್ಟಿದ ಹುಲಿಗಳು. ಆದುದರಿಂದ ಬಿಗಿದ ದೇಹವು ಬಿಗಿದೇ ಇರುತ್ತದೆ. ನಿದ್ರೆ ಕೆಡುತ್ತದೆ, ರಕ್ತದೊತ್ತಡ ಏರುತ್ತದೆ, ನಾಲಗೆ ಹರಿತವಾಗುತ್ತದೆ.

ಇಲ್ಲಿ ಪೂರ್ವಪಕ್ಷವೊಂದು ಹುಟ್ಟುತ್ತದೆ: “ಕರ್ತವ್ಯವು ತಲೆಯ ಮೇಲಿರುವಾಗ ವಿಶ್ರಾಂತಿಯ ಮಾತೆಲ್ಲಿಂದ ಬಂತು? ಅದು ಆಲಸ್ಯಕ್ಕೆ ಇಟ್ಟ ಸುಂದರವಾದ ಹೆಸರು. ನಮ್ಮ ಹಿರಿಯರು ವಿಶ್ರಾಂತಿಯೆಂಬ ಮಾತನ್ನು ಆಡದೆ ಬಾಳಲಿಲ್ಲವೇ?” ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನಮ್ಮ ತಂದೆಯವರು ಬೆಳಗಿನ ನಾಲ್ಕೂವರೆಗೆ ಎದ್ದು ದೇವರ ಬಾಗಿಲು ತೆರೆಯುವುದನ್ನು ಜ್ವರದಲ್ಲಿಯೂ ಬಿಟ್ಟವರಲ್ಲ. ಅಂಥವರ ಮಕ್ಕಳಾಗಿ, ಕುಳಿತು ಕಣ್ಣು ಮುಚ್ಚುವುದಕ್ಕೂ ನಮಗೆ ಸಂಕೋಚವಾಗುತ್ತದೆ.

ಇದಕ್ಕೆ ಸಮಾಧಾನವು ಮಹಾಭಾರತದಲ್ಲಿಯೇ ದೊರೆಯುತ್ತದೆ. ದ್ರೋಣಪರ್ವದಲ್ಲಿ ಜಯದ್ರಥನ ವಧೆಯ ದಿನದ ಪ್ರಸಂಗವನ್ನು ನೆನೆಯೋಣ. ಸೂರ್ಯಾಸ್ತದೊಳಗೆ ಜಯದ್ರಥನನ್ನು ಕೊಲ್ಲದಿದ್ದರೆ ಅಗ್ನಿಪ್ರವೇಶ ಮಾಡುವೆನೆಂದು ಅರ್ಜುನನು ಪ್ರತಿಜ್ಞೆ ಮಾಡಿದ್ದಾನೆ. ಶತ್ರುವ್ಯೂಹದ ಆಳದಲ್ಲಿ ಜಯದ್ರಥನು ಅಡಗಿದ್ದಾನೆ. ಒಂದೊಂದು ಗಳಿಗೆಯೂ ಪ್ರಾಣದ ಬೆಲೆಯುಳ್ಳದ್ದು. ಇದಕ್ಕಿಂತ ಗಡುವಿನ ಕೆಲಸ ಮತ್ತಾವುದಿದ್ದೀತು? ಅಂಥ ಹೊತ್ತಿನಲ್ಲಿ ಕುದುರೆಗಳು ಬಾಣಗಳಿಂದ ನೊಂದು ಬಳಲಿದುವು. ಆಗ ರಥವನ್ನು ಯುದ್ಧಭೂಮಿಯ ನಡುವೆಯೇ ನಿಲ್ಲಿಸಲಾಯಿತು. ಅರ್ಜುನನು ರಥದಿಂದಿಳಿದು ನೆಲದ ಮೇಲೆ ನಿಂತು ಶತ್ರುಗಳನ್ನು ತಡೆದನು. ಬಾಣದಿಂದ ಭೂಮಿಯನ್ನು ಭೇದಿಸಿ ನೀರು ತರಿಸಿದನು. ಭಗವಂತನಾದ ಶ್ರೀಕೃಷ್ಣನು ತನ್ನ ಕೈಯಿಂದಲೇ ಕುದುರೆಗಳ ನೊಗ ಬಿಚ್ಚಿ, ಮೈಗೆ ನಾಟಿದ ಬಾಣಗಳನ್ನು ಕಿತ್ತು, ಮೈ ತಿಕ್ಕಿ, ನೀರು ಕುಡಿಸಿ, ಮೇವು ತಿನ್ನಿಸಿ, ದಣಿವಾರಿದ ಮೇಲೆ ಮತ್ತೆ ರಥಕ್ಕೆ ಹೂಡಿದನು. ಕೆಲಸವು ಮುಗಿದ ಮೇಲೆ ದೊರೆತ ವಿಶ್ರಾಂತಿಯಲ್ಲ ಇದು. ಕೆಲಸವು ಮುಗಿಯಬೇಕೆಂದೇ ಕೊಟ್ಟ ವಿಶ್ರಾಂತಿ. ನೊಗ ಬಿಚ್ಚಿದವನೇ ನೊಗ ಹೂಡಿದನು ಎಂಬುದನ್ನು ಗಮನಿಸಬೇಕು. ಆಲಸ್ಯಕ್ಕೂ ವಿಶ್ರಾಂತಿಗೂ ಇರುವ ಅಂತರ ಅಷ್ಟೇ. ಆಲಸ್ಯದಲ್ಲಿ ಹೊರೆಯನ್ನು ಬಿಟ್ಟು ಹೋಗುತ್ತೇವೆ. ವಿಶ್ರಾಂತಿಯಲ್ಲಿ ಮತ್ತೆ ಹೊರುವುದಕ್ಕಾಗಿ ಇಳಿಸುತ್ತೇವೆ. ಅತಿಯಾಗಿ ಉಣ್ಣುವವನಿಗೂ ಉಣ್ಣದವನಿಗೂ, ಅತಿಯಾಗಿ ನಿದ್ರಿಸುವವನಿಗೂ ನಿದ್ರೆಗೆಡುವವನಿಗೂ ಯೋಗವು ಸಿದ್ಧಿಸದೆಂದು ಗೀತೆಯ ಆರನೆಯ ಅಧ್ಯಾಯವು ತಿಳಿಸುವುದೂ ಇದೇ ಅಭಿಪ್ರಾಯಕ್ಕೆ ಅನುಕೂಲವಾಗಿದೆ.

ಹೀಗೆ ವಿಶ್ರಾಂತಿಯು ಧರ್ಮಕ್ಕೆ ವಿರುದ್ಧವಲ್ಲವೆಂದಾಯಿತು. ಇನ್ನು ಉಪಾಯಗಳ ವಿಚಾರ. ಹಣವಿಲ್ಲದೆ, ಊರು ಬಿಡದೆ, ಯಾರೂ ಮಾಡಬಹುದಾದ ಕೆಲವನ್ನು ಮಾತ್ರ ಇಲ್ಲಿ ಹೇಳುತ್ತೇವೆ.

ಒಂದು, ಉಸಿರು. ಉಸಿರನ್ನು ಒಳಗೆ ಎಳೆಯುವಾಗ ಹೃದಯವು ತುಸು ಬೇಗವಾಗಿಯೂ, ಹೊರಗೆ ಬಿಡುವಾಗ ತುಸು ನಿಧಾನವಾಗಿಯೂ ಬಡಿಯುತ್ತದೆ. ಮೆದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ಎಂಬ ನರದ ಕಾರ್ಯವಿದು. ಆದುದರಿಂದ ಎಳೆದುದಕ್ಕಿಂತ ಬಿಡುವುದು ದೀರ್ಘವಾಗುವಂತೆ, ನಾಲ್ಕು ಎಣಿಸುವವರೆಗೆ ಎಳೆದು ಆರು ಎಣಿಸುವವರೆಗೆ ಬಿಡುತ್ತ ಐದು ನಿಮಿಷ ಕುಳಿತರೆ ದೇಹವು ತಾನಾಗಿ ಸಡಿಲಗೊಳ್ಳತೊಡಗುತ್ತದೆ. ಸಂಧ್ಯಾವಂದನೆಯಲ್ಲಿ ಪ್ರಾಣಾಯಾಮ ಮಾಡುವವರಿಗೆ ಇದು ಅಪರಿಚಿತವಲ್ಲ. ಸಂಧ್ಯಾವಂದನೆಯು ಹೃದಯದ ಬಡಿತವನ್ನು ತಗ್ಗಿಸುವುದಕ್ಕಾಗಿ ವಿಹಿತವಾದುದಲ್ಲ. ಅದು ನಿತ್ಯಕರ್ಮ, ಅದರ ಉದ್ದೇಶವೇ ಬೇರೆ. ಆದರೆ ಬಸ್ಸಿನ ವೇಳೆಯನ್ನು ನೋಡುತ್ತ ಮೂರೇ ನಿಮಿಷದಲ್ಲಿ ಅದನ್ನು ಮುಗಿಸುವ ನಮ್ಮಂಥವರು, ಕರ್ಮದ ಫಲವನ್ನೂ ಈ ಆನುಷಂಗಿಕವಾದ ಲಾಭವನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಿದ್ದೇವೆ.

ಎರಡು, ಅಂಗಗಳ ಸಡಿಲಿಕೆ. ಷಿಕಾಗೋ ನಗರದ ವೈದ್ಯರಾದ ಎಡ್ಮಂಡ್ ಜೇಕಬ್‌ಸನ್ ಎಂಬವರು 1929ರ ತಮ್ಮ ಗ್ರಂಥದಲ್ಲಿ ಈ ಕ್ರಮವನ್ನು ತಿಳಿಸಿದ್ದಾರೆ. ಮಲಗಿ, ಮೊದಲು ಪಾದಗಳ ಸ್ನಾಯುಗಳನ್ನು ಕೆಲವು ಕ್ಷಣ ಬಿಗಿಹಿಡಿದು ಬಿಟ್ಟುಬಿಡಬೇಕು. ಬಳಿಕ ಮೀನಖಂಡ, ತೊಡೆ, ಹೊಟ್ಟೆ, ಮುಷ್ಟಿ, ಭುಜ, ದವಡೆ, ಹಣೆ, ಹೀಗೆ ಒಂದೊಂದಾಗಿ ಮೇಲಕ್ಕೆ ಬರಬೇಕು. ಬಿಗಿ ಎಂದರೇನೆಂಬುದು ತಿಳಿದ ಮೇಲೆಯೇ ಸಡಿಲವೆಂದರೇನೆಂಬುದು ತಿಳಿಯುವುದು. ಎಷ್ಟೋ ಜನರು ಹಲ್ಲು ಕಚ್ಚಿಕೊಂಡೇ ದಿನ ಕಳೆಯುತ್ತಾರೆ. ಅದು ಅವರಿಗೇ ತಿಳಿದಿರುವುದಿಲ್ಲ.

ಮೂರು, ನಾಮದ ಪುನರಾವೃತ್ತಿ. ಹಾರ್ವರ್ಡಿನ ವೈದ್ಯ ಹರ್ಬರ್ಟ್ ಬೆನ್ಸನ್ ಎಂಬವರು 1975ರಲ್ಲಿ ಬರೆದ ಗ್ರಂಥದಲ್ಲಿ, ಶಾಂತವಾದ ಸ್ಥಳದಲ್ಲಿ ಕುಳಿತು ಒಂದು ಶಬ್ದವನ್ನು ಉಸಿರಿನೊಡನೆ ಮತ್ತೆ ಮತ್ತೆ ನೆನೆಯುತ್ತ, ನಡುವೆ ಬೇರೆ ಆಲೋಚನೆ ಬಂದರೆ ಅದರೊಡನೆ ಜಗಳವಾಡದೆ ಮರಳಿ ಅದೇ ಶಬ್ದಕ್ಕೆ ಬರುವವರಲ್ಲಿ, ಉಸಿರು ಮತ್ತು ಹೃದಯಗಳ ವೇಗವು ತಗ್ಗುವುದೆಂದು ತಿಳಿಸಿದರು. ಜಪಮಾಲೆ ಹಿಡಿದ ನಮ್ಮ ಅಜ್ಜಿಯಂದಿರಿಗೆ ಇದರಲ್ಲಿ ಹೊಸತೇನೂ ಕಾಣಿಸದು. ಆಲೋಚನೆಯೊಡನೆ ಜಗಳವಾಡಬಾರದೆಂಬ ಅಂಶವನ್ನು ಮಾತ್ರ ನಾವು ವಿಶೇಷವಾಗಿ ಗಮನಿಸಬೇಕು. ಶಾಂತಿಗಾಗಿ ಹಟ ಹಿಡಿದವನಿಗೆ ಹಟವೇ ಉಳಿಯುತ್ತದೆ.

ನಾಲ್ಕು, ನಡಿಗೆ. ಬಿಗಿದ ಸ್ನಾಯುಗಳು ಕೇಳುವುದು ಚಲನೆಯನ್ನು. ಓಡಲು ಸಿದ್ಧವಾದ ದೇಹವನ್ನು ಕುರ್ಚಿಯಲ್ಲಿ ಕಟ್ಟಿಹಾಕಿದರೆ ಅದು ಒಳಗೊಳಗೇ ಓಡುತ್ತದೆ. ಕಚೇರಿಯಿಂದ ಬರುವಾಗ ಒಂದು ನಿಲ್ದಾಣ ಮೊದಲೇ ಇಳಿದು ನಡೆದು ಬರುವುದೂ ಸಾಕು.

ಐದು, ನಿದ್ರೆ. ವಯಸ್ಕರಿಗೆ ದಿನಕ್ಕೆ 7 ಗಂಟೆಗಳಿಗೆ ಕಡಿಮೆಯಿಲ್ಲದ ನಿದ್ರೆ ಬೇಕೆಂಬುದು ವೈದ್ಯರ ಅಭಿಪ್ರಾಯ. ಕಾಫಿಯ ಸಾರವಾದ ಕೆಫೀನಿನ ಅರ್ಧಭಾಗವು ರಕ್ತದಿಂದ ಇಳಿಯುವುದಕ್ಕೇ ಸುಮಾರು 5 ಗಂಟೆ ಬೇಕಾಗುತ್ತದೆ. ಸಂಜೆ ಆರರ ಲೋಟವು ರಾತ್ರಿ ಹನ್ನೊಂದಕ್ಕೂ ಅರ್ಧ ಲೋಟವಾಗಿ ಒಳಗಿರುತ್ತದೆ. ಕಾಫಿಯನ್ನು ಬಿಡಿರೆಂದು ನಮ್ಮವರಿಗೆ ಹೇಳುವಷ್ಟು ಧೈರ್ಯ ನಮಗಿಲ್ಲ. ಮಧ್ಯಾಹ್ನದ ಮೇಲಿನದನ್ನು ಕುರಿತು ಆಲೋಚಿಸಿರೆಂದಷ್ಟೇ ಬಿನ್ನಹ.

ಆರು, ಬರೆದಿಡುವುದು. 2018ರಲ್ಲಿ ಪ್ರಕಟವಾದ ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ 57 ಮಂದಿ ತರುಣರನ್ನು ಎರಡು ಗುಂಪು ಮಾಡಿ, ಮಲಗುವ ಮುನ್ನ ಐದು ನಿಮಿಷ ಬರೆಯಲು ಹೇಳಿದರು. ಮುಗಿದ ಕೆಲಸಗಳನ್ನು ಬರೆದವರಿಗಿಂತ ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆದವರಿಗೆ ಬೇಗ ನಿದ್ರೆ ಬಂದಿತು. ನೆನಪಿನಲ್ಲಿ ಹೊತ್ತುಕೊಂಡಿರುವುದನ್ನು ಕಾಗದವು ಹೊತ್ತರೆ ಮನಸ್ಸು ಮಲಗಬಹುದು. ಕಾಗದವೂ ಒಂದು ಹೊರೆ ಇಳಿಸುವ ಕಲ್ಲೇ.

ಇಷ್ಟನ್ನು ಹೇಳಿ ಲೇಖನವನ್ನು ಮುಗಿಸಬಹುದಾಗಿತ್ತು. ಹಾಗೆ ಮುಗಿಸಿದರೆ ಅರ್ಧ ಸತ್ಯವನ್ನು ಹೇಳಿದಂತಾಗುವುದು. ಈ ಉಪಾಯಗಳನ್ನೆಲ್ಲ ಕಲಿತ ಮೇಲೆಯೇ ನಾವು ಒಂದು ತಪ್ಪನ್ನು ಮಾಡಿದೆವು. ಅದನ್ನು ಇಲ್ಲಿ ಒಪ್ಪಿಕೊಳ್ಳುವುದು ಉಚಿತವೆಂದು ತೋರುತ್ತದೆ.

ನಾವು ತಾಲ್ಲೂಕು ಕೇಂದ್ರದ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿ ದುಡಿಯುತ್ತ, ಬೆಳಗಿನಲ್ಲಿ ತಂದೆಯವರಿಗೆ ಪೂಜೆಯಲ್ಲಿ ನೆರವಾಗುತ್ತೇವೆ. ಎರಡು ವರ್ಷಗಳ ಹಿಂದೆ ಕಚೇರಿಯ ಕೆಲಸವು ಹೆಚ್ಚಿ, ತಲೆನೋವು ನಿತ್ಯದ ಅತಿಥಿಯಾಯಿತು. ಯಾರೋ ಸ್ನೇಹಿತರು ಪುಸ್ತಕವೊಂದನ್ನು ಕೊಟ್ಟರು. ಅದರಂತೆ ಪ್ರತಿದಿನವೂ ಬೆಳಿಗ್ಗೆ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಕುಳಿತುಕೊಳ್ಳತೊಡಗಿದೆವು. ಅದರಿಂದ ಪ್ರಯೋಜನವಾಯಿತೆಂಬುದು ಸುಳ್ಳಲ್ಲ. ಆದರೆ ಪಾತ್ರೆಯ ಸದ್ದು, ಮಗುವಿನ ಅಳು ಇವು ಅಡ್ಡಿಯಾಗತೊಡಗಿದುವು. ಒಂದು ದಿನ ಸ್ವಲ್ಪ ಗಡುಸಾಗಿಯೇ ಹೇಳಿದೆವು: “ಈ ಇಪ್ಪತ್ತು ನಿಮಿಷ ಮನೆಯಲ್ಲಿ ಯಾರೂ ಸದ್ದು ಮಾಡಕೂಡದು.” ಮನೆಯವರು ಮಾತನಾಡಲಿಲ್ಲ. ಅಂದಿನಿಂದ ಮನೆಯು ನಿಶ್ಶಬ್ದವಾಯಿತು. ಅದನ್ನು ನಾವು ಶಾಂತಿಯೆಂದು ತಿಳಿದೆವು.

ಬಳಿಕ ಒಂದು ದ್ವಾದಶಿ ಬಂದಿತು. ಏಕಾದಶಿಯ ಉಪವಾಸವನ್ನು ಆಚರಿಸುವ ಮನೆಗಳಲ್ಲಿ ದ್ವಾದಶಿಯ ಬೆಳಗು ಎಂಥದೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ವಿವರಿಸಬೇಕಾಗಿಲ್ಲ. ಪಕ್ಷಕ್ಕೆ ಒಂದು ದಿನ ಒಲೆಗೆ ವಿಶ್ರಾಂತಿ. ಮರುದಿನ ಅದಕ್ಕೆ ಬಡ್ಡಿ. ಪಾರಣೆಯ ಹೊತ್ತಿಗೆ ಅಡಿಗೆ, ನೈವೇದ್ಯ, ಎಲೆ ಎಲ್ಲವೂ ಸಿದ್ಧವಾಗಬೇಕು. ಹಿಂದಿನ ದಿನ ನೀರನ್ನೂ ಮುಟ್ಟದ ಹೆಂಗಸರು ಬೆಳಗಿನ ಮೂರು ಗಂಟೆಗೇ ಎದ್ದು ಮಡಿಯುಟ್ಟು ಒಲೆಯ ಮುಂದೆ ನಿಲ್ಲುತ್ತಾರೆ. ಅಂದು ನಮ್ಮ ಮನೆಯವರು ಒಳಗೆ ಅಡಿಗೆಯಲ್ಲಿದ್ದರು. ಹಿತ್ತಿಲಿನಲ್ಲಿ ಬಚ್ಚಲ ಹಂಡೆಗೆ ನೀರು ತುಂಬಿಸಬೇಕಾಗಿತ್ತು. ಮೋಟಾರು ಹಾಕಿದರೆ ಸದ್ದಾಗುವುದೆಂದು, ಅರವತ್ತೆಂಟು ವರ್ಷದ ನಮ್ಮ ತಾಯಿಯವರು ಬಾವಿಯಿಂದ ಕೈಯಲ್ಲೇ ಸೇದಿ ಕೊಡ ಹೊತ್ತು ತರುತ್ತಿದ್ದರು. ಮೂರನೆಯ ಕೊಡಕ್ಕೆ, ಒದ್ದೆ ಕಲ್ಲಿನ ಮೇಲೆ ಕಾಲು ಜಾರಿತು.

ಆ ಕೊಡ ಬಿದ್ದ ಸದ್ದಿಗೆ ನಾವು ಕಣ್ಣು ತೆರೆದೆವು. ಮೊದಲು ನಮ್ಮ ಮನಸ್ಸಿನಲ್ಲಿ ಹುಟ್ಟಿದುದು ಆತಂಕವಲ್ಲ, ಸಿಡುಕು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ನಡೆದುದು ಹಾಗೆ. ಸಿಡುಕಿನಿಂದಲೇ ಹಿತ್ತಿಲಿಗೆ ಹೋದೆವು. ತಾಯಿಯವರು ಬಲಗೈಯ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡು ನೆಲದ ಮೇಲೆ ಕುಳಿತಿದ್ದರು. ನಮ್ಮನ್ನು ಕಂಡು ಕೇಳಿದರು: “ಸದ್ದಾಯ್ತೇನಪ್ಪಾ? ನಿನ್ನ ಧ್ಯಾನಕ್ಕೆ ಭಂಗ ಬಂತೇ?” ಆ ಮಾತಿನಲ್ಲಿ ವ್ಯಂಗ್ಯವಿದ್ದಿದ್ದರೆ ಸಹಿಸಬಹುದಾಗಿತ್ತು. ಅವರು ನಿಜವಾಗಿಯೂ ಕೇಳಿದ್ದರು. ಎಲುಬು ಬಿರುಕುಬಿಟ್ಟು, ಆರು ವಾರ ಕೈಗೆ ಪಟ್ಟಿ ಕಟ್ಟಿಕೊಂಡಿರಬೇಕಾಯಿತು.

ಆ ಆರು ವಾರಗಳಲ್ಲಿ ನಾವು ಹಂಡೆಗೆ ನೀರು ತುಂಬಿಸಿದೆವು, ತರಕಾರಿ ಹೆಚ್ಚಿದೆವು, ಪಾತ್ರೆ ತೊಳೆದೆವು. ಆಗ ತಿಳಿಯಿತು, ನಮ್ಮ ಇಪ್ಪತ್ತು ನಿಮಿಷದ ಶಾಂತಿಯು ಎಲ್ಲಿಂದ ಬಂದಿತ್ತೆಂದು. ನಾವು ಹೊರೆಯನ್ನು ಇಳಿಸಿರಲಿಲ್ಲ. ನಮ್ಮ ತಲೆಯಿಂದ ತೆಗೆದು ಇನ್ನೊಬ್ಬರ ತಲೆಯ ಮೇಲೆ ಇಟ್ಟಿದ್ದೆವು.

ಇದು ನಮ್ಮ ಒಂದು ಮನೆಯ ಕಥೆಯಲ್ಲ. ಭಾರತ ಸರ್ಕಾರವು 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಲ್ಲಿ, ಮನೆಯೊಳಗಿನ ಸಂಬಳವಿಲ್ಲದ ಕೆಲಸಗಳಲ್ಲಿ ತೊಡಗಿದ ಸ್ತ್ರೀಯರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ, ಅಂಥ ಕೆಲಸದಲ್ಲಿ ತೊಡಗಿದ ಪುರುಷರು 97 ನಿಮಿಷಗಳನ್ನೂ ಅದಕ್ಕಾಗಿ ವಿನಿಯೋಗಿಸಿದರೆಂದು ಕಂಡುಬಂದಿತು. ಈ ಅಂಕಿಗಳನ್ನು ಓದುವಾಗ, ವಿಶ್ರಾಂತಿಯ ಉಪದೇಶವು ಯಾರಿಗೆ ಸುಲಭ, ಯಾರಿಗೆ ಕಷ್ಟ ಎಂಬುದು ಸ್ಪಷ್ಟವಾಗುತ್ತದೆ. “ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕುಳಿತುಕೊಳ್ಳಮ್ಮಾ” ಎಂದು ಹೇಳಿದರೆ ಸಾಲದು. ಆ ಹೊತ್ತಿನಲ್ಲಿ ಒಲೆಯ ಮೇಲಿನ ಹಾಲನ್ನು ಯಾರು ನೋಡಿಕೊಳ್ಳುವರೆಂಬುದಕ್ಕೂ ಉತ್ತರ ಹೇಳಬೇಕು.

ಇಲ್ಲಿ ಎರಡನೆಯ ಪೂರ್ವಪಕ್ಷವೊಂದುಂಟು. “ಭಗವಂತನ ಮೇಲೆ ಭಾರ ಹಾಕಿದವನಿಗೆ ಒತ್ತಡವೆಲ್ಲಿಯದು? ಈ ಉಪಾಯಗಳೂ ಲೆಕ್ಕಾಚಾರಗಳೂ ಶರಣಾಗತಿಯಿಲ್ಲದವರ ಮಾತು” ಎಂದು ಕೆಲವರು ಹೇಳುವರು. ಭಗವಂತನೊಬ್ಬನೇ ಸ್ವತಂತ್ರನು, ಜೀವನ ಕರ್ತೃತ್ವವು ಅವನ ಅಧೀನವಾದುದು ಎಂಬ ಶ್ರೀಮದಾಚಾರ್ಯರ ಸಿದ್ಧಾಂತವನ್ನು ಬಲ್ಲವನಿಗೆ ‘ಎಲ್ಲವೂ ನನ್ನಿಂದಲೇ ನಡೆಯಬೇಕು’ ಎಂಬ ಭ್ರಮೆ ಕಳೆಯುತ್ತದೆ. ಆ ಭ್ರಮೆಯೇ ಹೊರೆಗಳಲ್ಲೆಲ್ಲ ಭಾರವಾದುದು. ಇದರಲ್ಲಿ ವಿವಾದವಿಲ್ಲ. ಆದರೆ ಜೀವನು ಅಸ್ವತಂತ್ರನೆಂದ ಮಾತ್ರಕ್ಕೆ ಅವನಿಗೆ ವಿಹಿತವಾದ ಕರ್ಮವು ತಪ್ಪುವುದಿಲ್ಲ. ದೇವರ ಮೇಲೆ ಭಾರ ಹಾಕಿದೆವೆಂದು ಬಾಯಲ್ಲಿ ಹೇಳುತ್ತ, ಕೈಯಲ್ಲಿ ಅದನ್ನು ಮನೆಯವರ ಮೇಲೆ ಹಾಕುವುದು ಶರಣಾಗತಿಯಲ್ಲ. ದೇವರಿಗೆ ಒಪ್ಪಿಸಬೇಕಾದುದು ಚಿಂತೆಯನ್ನು; ನೀರಿನ ಕೊಡವನ್ನಲ್ಲ.

ಹಾಗಾದರೆ ಸಿದ್ಧಾಂತವೇನು? ಕುರುಕ್ಷೇತ್ರದ ಆ ಪ್ರಸಂಗವನ್ನು ನಾವು ಮೊದಲು ಅರ್ಧವಾಗಿಯೇ ಓದಿದ್ದೆವು. ಯುದ್ಧದ ನಡುವೆಯೂ ವಿಶ್ರಾಂತಿಗೆ ಎಡೆಯಿದೆ ಎಂಬಷ್ಟನ್ನೇ ತೆಗೆದುಕೊಂಡಿದ್ದೆವು. ಅಲ್ಲಿ ವಿಶ್ರಮಿಸಿದವರು ಯಾರು? ರಥದ ಮೇಲೆ ಕುಳಿತವರಲ್ಲ; ರಥವನ್ನು ಎಳೆದವರು. ಕುಳಿತವನು ಇಳಿದು ಕಾವಲು ನಿಂತನು. ಸಾರಥಿಯಾದ ಪರಮಾತ್ಮನು ಮೈ ತಿಕ್ಕಿದನು. ಕುದುರೆಗಳು ತಮಗೆ ದಣಿವಾಯಿತೆಂದು ಬಾಯಿಬಿಟ್ಟು ಹೇಳಿರಲಿಲ್ಲ. ಹೇಳದವರ ದಣಿವನ್ನು ತಿಳಿಯುವುದೇ ಅಲ್ಲಿ ಧರ್ಮವಾಯಿತು. ನಮ್ಮನ್ನು ಹೊತ್ತವರಿಗೆ ವಿಶ್ರಾಂತಿ ಕೊಟ್ಟು ಪಡೆದ ವಿಶ್ರಾಂತಿಯೇ ವಿಶ್ರಾಂತಿ. ಅವರಿಂದ ಕಿತ್ತುಕೊಂಡುದು ಅಲ್ಲ.

ಇದನ್ನು ಪರೀಕ್ಷಿಸಲು ಮೂರು ಪ್ರಶ್ನೆಗಳು ಸಾಕೆಂದು ನಮಗೆ ತೋರುತ್ತದೆ. ನಾವು ವಿಶ್ರಮಿಸಿದುದರಿಂದ ಇನ್ನೊಬ್ಬರ ಹೊರೆ ಹೆಚ್ಚಿತೇ? ಎದ್ದ ಮೇಲೆ ನಮ್ಮ ಹೊರೆಯನ್ನು ನಾವೇ ಎತ್ತಿಕೊಂಡೆವೇ? ಹತ್ತಿರದವರ ವಿಷಯದಲ್ಲಿ ನಮ್ಮ ಮನಸ್ಸು ಮೊದಲಿಗಿಂತ ಮೃದುವಾಯಿತೇ, ಅಥವಾ ಸಿಡುಕು ಹೆಚ್ಚಿತೇ? ನಮ್ಮ ಅಂದಿನ ಇಪ್ಪತ್ತು ನಿಮಿಷಗಳು ಈ ಮೂರರಲ್ಲಿಯೂ ಸೋತಿದ್ದುವು.

ಈಗ ನಮ್ಮ ಮನೆಯಲ್ಲಿ ಮಾಡಿಕೊಂಡಿರುವ ವ್ಯವಸ್ಥೆ ಅತಿ ಸಾಮಾನ್ಯವಾದುದು. ಸಂಜೆ ಆರೂವರೆಯಿಂದ ಅರ್ಧ ಗಂಟೆ ಅಡಿಗೆಮನೆಯು ನಮ್ಮದು. ಆ ಹೊತ್ತಿನಲ್ಲಿ ತಾಯಿಯವರೂ ಮನೆಯವರೂ ಜಗಲಿಯಲ್ಲಿ ಕೂರುತ್ತಾರೆ. ಜಪ ಮಾಡುತ್ತಾರೋ, ಹರಟುತ್ತಾರೋ, ಸುಮ್ಮನೆ ಬೀದಿಯನ್ನು ನೋಡುತ್ತಾರೋ, ನಾವು ಕೇಳುವುದಿಲ್ಲ. ದ್ವಾದಶಿಯ ತರಕಾರಿಯನ್ನು ಹಿಂದಿನ ರಾತ್ರಿಯೇ ಹೆಚ್ಚಿಡುವುದು ನಮ್ಮ ಕೆಲಸ. ಅಡಿಗೆಯ ಬಗೆಗಳನ್ನೂ ಎರಡು ಕಡಿಮೆ ಮಾಡಿದ್ದೇವೆ. ಇದಕ್ಕೆ ತಂದೆಯವರು ಏನೆನ್ನುವರೋ ಎಂದು ಅಳುಕಿದ್ದೆವು. ಅವರು ಉಂಡು ಕೈತೊಳೆದು ಹೇಳಿದರು: “ಪಾರಣೆಗೆ ವೇಳೆ ಮುಖ್ಯ, ಪಲ್ಯದ ಲೆಕ್ಕವಲ್ಲ.” ನಮ್ಮ ಇಪ್ಪತ್ತು ನಿಮಿಷಗಳು ಹತ್ತಾಗಿವೆ. ಮೋಟಾರಿನ ಸದ್ದು ಕೇಳಿಸುತ್ತದೆ, ಮಗು ಬಂದು ತೊಡೆಯ ಮೇಲೆ ಕೂರುತ್ತದೆ. ಆದರೂ ತಲೆನೋವು ಕಡಿಮೆಯಾಗಿದೆ. ಸದ್ದಿನ ನಡುವೆ ದೊರೆತ ಶಾಂತಿಯನ್ನು ಕಚೇರಿಗೂ ಕೊಂಡೊಯ್ಯಬಹುದು. ಬಾಗಿಲು ಮುಚ್ಚಿ ಪಡೆದುದು ಬಾಗಿಲು ತೆರೆದೊಡನೆ ಹೋಗುತ್ತದೆ.

ಇನ್ನೊಂದು ಮಾತನ್ನು ಹೇಳದಿದ್ದರೆ ದೋಷವಾಗುವುದು. ಕೆಲವು ಹೊರೆಗಳು ಉಸಿರಿಗೂ ನಡಿಗೆಗೂ ಇಳಿಯುವುದಿಲ್ಲ. ವಾರಗಟ್ಟಲೆ ನಿದ್ರೆಯಿಲ್ಲದೆ, ಊಟ ಸೇರದೆ, ಯಾವುದರಲ್ಲಿಯೂ ಆಸಕ್ತಿಯಿಲ್ಲದೆ, ಬದುಕೇ ಬೇಡವೆಂಬ ಆಲೋಚನೆ ಬರುತ್ತಿದ್ದರೆ ಅದು ರೋಗ; ಭಕ್ತಿಯ ಕೊರತೆಯಲ್ಲ. ಅಂಥವರಿಗೆ “ಧೈರ್ಯ ತಂದುಕೋ” ಎಂಬ ಉಪದೇಶವೇ ಮತ್ತೊಂದು ಹೊರೆಯಾಗುತ್ತದೆ. ಅವರನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋಗಬೇಕು. ಭಾರತ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆಯಲ್ಲಿ, 14416 ಎಂಬ ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಅದಕ್ಕೆ ಮುಖ್ಯ ಕೇಂದ್ರವಾಗಿದೆ. ಜ್ವರಕ್ಕೆ ಕಷಾಯ ಕುಡಿಯುವವರು ಇದಕ್ಕೆ ಸಂಕೋಚಪಡಬೇಕಾಗಿಲ್ಲ.

ಕೆರೆಯ ಏರಿಯ ಆ ಮೂರು ಕಲ್ಲುಗಳ ಬಳಿಗೆ ಮತ್ತೆ ಬರೋಣ. ತಮಿಳುನಾಡಿನಲ್ಲಿ ಇಂಥ ಕಲ್ಲುಗಳಿಗೆ ಸುಮೈತಾಂಗಿ ಎಂದು ಹೆಸರು. ಹೊರೆಯನ್ನು ತಾಳುವುದು ಎಂದು ಅರ್ಥ. ಗರ್ಭಿಣಿಯಾಗಿದ್ದಾಗಲೇ ತೀರಿಕೊಂಡ ಹೆಂಗಸಿನ ನೆನಪಿಗಾಗಿ ಮನೆಯವರು ಇವನ್ನು ನೆಡಿಸುವ ಪದ್ಧತಿ ಅಲ್ಲಿತ್ತು. ತನ್ನ ಹೊರೆಯನ್ನು ಇಳಿಸಲಾರದೆ ಹೋದವಳ ಹೆಸರಿನಲ್ಲಿ, ದಾರಿಹೋಕರೆಲ್ಲರ ಹೊರೆ ಇಳಿಸಲು ಒಂದು ಕಲ್ಲು. ನಮ್ಮ ಊರಿನ ಕಲ್ಲನ್ನು ಯಾರು ಯಾರಿಗಾಗಿ ನಿಲ್ಲಿಸಿದರೋ ಹೇಳುವವರಿಲ್ಲ. ಆದರೆ ಈಗ ಅದರ ಮುಂದೆ ಹಾದುಹೋಗುವಾಗಲೆಲ್ಲ ನಮಗೆ ಒಂದು ಆಲೋಚನೆ ಬರುತ್ತದೆ. ಅವಳು ಬದುಕಿದ್ದಾಗ ಅವಳ ಕೈಯ ಕೊಡವನ್ನು ಒಂದು ಗಳಿಗೆ ಯಾರಾದರೂ ತೆಗೆದುಕೊಂಡಿದ್ದರೇ?

ಕಲ್ಲು ನೆಡಿಸುವುದು ಪುಣ್ಯದ ಕೆಲಸವೇ ಸರಿ. ಅದಕ್ಕೆ ಮೊದಲು, ಇಂದಿನ ಸಂಜೆ, ನಮ್ಮ ಮನೆಯ ಬಾವಿಯಿಂದ ಹಂಡೆಯವರೆಗೆ ಕೊಡ ಹೊರುವವರು ಯಾರೆಂದು ಒಮ್ಮೆ ಎದ್ದು ನೋಡೋಣ. ಅವರ ಕೈಯಿಂದ ಕೊಡವನ್ನು ಇಸಿದುಕೊಂಡ ಬಳಿಕ ನಾವು ಎಳೆಯುವ ಉಸಿರು ತಾನಾಗಿಯೇ ದೀರ್ಘವಾಗುವುದು.